ಯೂಸರ್ ಕಂಟ್ರೋಲ್ ಕಂಪೈಲ್ ಆಗುವ ಬಗೆ

ಗಣಕಯಂತ್ರದ ಉದ್ಯೋಗದಲ್ಲಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ನನಗೆ ಪಾಠ ಹೇಳಿದ ವಿಷಯವಿದು. ಹೆಸರು, ವಿಳಾಸ, ಜನ್ಮದಿನಾಂಕ ತುಂಬುವ ಚೌಕಗಳನ್ನು ಒಮ್ಮೆ ರಚಿಸಿಟ್ಟು, ಬೇಕಾದ ಪುಟಗಳಲ್ಲೆಲ್ಲ ಕೂರಿಸುವುದುಂಟು. ಅದಕ್ಕೆ ಯೂಸರ್ ಕಂಟ್ರೋಲ್ ಎಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯು 2002ರಲ್ಲಿ ಹೊರತಂದ ಡಾಟ್ ನೆಟ್‌ನಲ್ಲಿ ಇದು ಡೆಸ್ಕ್‌ಟಾಪ್ ತಂತ್ರಾಂಶಕ್ಕೂ ಉಂಟು, ಜಾಲತಾಣಕ್ಕೂ ಉಂಟು. ಕಂಪೈಲ್ ಆಗುವ ಹೊತ್ತು ಮಾತ್ರ ಬೇರೆ.

ಡೆಸ್ಕ್‌ಟಾಪಿನ ವಿಂಡೋಸ್ ಫಾರ್ಮ್ಸ್‌ನಲ್ಲಿ ಕಂಟ್ರೋಲು ಬರೆದವನ ಬಳಿಯಲ್ಲಿಯೇ ಕಂಪೈಲ್ ಆಗಿ, ಮಧ್ಯಂತರ ಭಾಷೆಯ ರೂಪದಲ್ಲಿ ಇಎಕ್ಸ್‌ಇ ಅಥವಾ ಡಿಎಲ್‌ಎಲ್ ಕಡತವನ್ನು ಸೇರುತ್ತದೆ, ಓಡುವಾಗ ಯಂತ್ರಭಾಷೆಯಾಗುತ್ತದೆ. ಅಚ್ಚಾದ ಪಠ್ಯಪುಸ್ತಕದಂತೆ, ತಿದ್ದಬೇಕಾದರೆ ಮರುಮುದ್ರಣವೇ ಗತಿ.

ಜಾಲತಾಣದ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಕಂಟ್ರೋಲಿನ ವಿನ್ಯಾಸಭಾಗವು ಸಾಮಾನ್ಯವಾಗಿ ಎಎಸ್‌ಸಿಎಕ್ಸ್ ಎಂಬ ಕಡತದಲ್ಲಿ ಬರಹವಾಗಿಯೇ ಸರ್ವರಿಗೆ ಹೋಗುತ್ತದೆ. ಮೊದಲನೆಯವನು ಪುಟವನ್ನು ಕೇಳಿದಾಗ ಸರ್ವರು ಅದನ್ನು ಕ್ಲಾಸನ್ನಾಗಿ ಮಾಡಿ, ಕಂಪೈಲ್ ಮಾಡಿ, ತಾತ್ಕಾಲಿಕ ಕೋಶದಲ್ಲಿರಿಸುತ್ತದೆ. ಅವನು ತುಸು ಕಾಯಬೇಕು. ಹಿಂದೆ ಬಂದವರಿಗೆ ಸಿದ್ಧವಸ್ತು. ಕಡತವನ್ನು ತಿದ್ದಿದರೆ ಮತ್ತೆ ತಾನಾಗಿಯೇ ಕಂಪೈಲ್. ಕರಿಹಲಗೆಯ ಬರಹದ ಸೌಲಭ್ಯವಿದು. ಕರಿಹಲಗೆಯ ತಪ್ಪು ಎಲ್ಲರೆದುರಿಗೇ ಬಯಲಾಗುವುದನ್ನು ನಾನೂ ಬಲ್ಲೆ.

ಪಿಂಚಣಿ ಅರ್ಜಿಯ ಪುಟವೊಂದರ ವಿನ್ಯಾಸಭಾಗದಲ್ಲಿ ನಮ್ಮ ಹುಡುಗ ಒಂದು ಹೆಸರನ್ನು ತಪ್ಪಾಗಿ ಬರೆದಿದ್ದನಂತೆ. ಸಂಜೆ ಕಂಪೈಲರು ಏನೂ ಹೇಳಲಿಲ್ಲ. ಮರುದಿನ ಸಾಲಿನಲ್ಲಿ ಮೊದಲು ನಿಂತಿದ್ದ ಅಜ್ಜಿಯ ಅರ್ಜಿಗೆ ಪರದೆಯು ದೋಷಸಂದೇಶವನ್ನು ತೋರಿತು. ಆಕೆ ಬರಿಗೈಯಲ್ಲಿ ಹಿಂದಿರುಗಿದರು. ಇಡೀ ತಾಣವನ್ನು ಮುಂಚಿತವಾಗಿಯೇ ಕಂಪೈಲ್ ಮಾಡಿ ಇಂಥ ತಪ್ಪನ್ನು ಹಿಡಿಯುವ ಸಾಧನವು 2005ರ ಆವೃತ್ತಿಯಿಂದಲೇ ಇತ್ತು. ಈಗ ಅದನ್ನು ಓಡಿಸದೆ ಅವನು ಮನೆಗೆ ಹೊರಡುವುದಿಲ್ಲ.