ಮಣ್ಣಲ್ಲೂ ಕರೆಂಟ್ ಹರಿಯುತ್ತದೆ

ಅಕ್ಕಲಕೋಟ ತಾಲೂಕಿನ ಒಂದು ಊರು. ಮಳೆ ಬಂದು ನಿಂತಿತ್ತು. ಹೊಲದ ಅಂಚಿನಲ್ಲಿ ಡಿಪಿ ಇತ್ತು. ಎರಡು ಕಂಬ, ನಡುವೆ ಟ್ರಾನ್ಸ್‌ಫಾರ್ಮರ್. ಒಬ್ಬ ಅಜ್ಜ ಆ ಕಂಬಕ್ಕೆ ಎಮ್ಮೆ ಕಟ್ಟಿದ್ದ. ದಾರಿಯಲ್ಲಿ ಹೋಗುತ್ತಿದ್ದ ಲೈನ್‌ಮನ್ ಕೂಗಿದ.

"ಯಜಮಾನ್ರ, ಅಲ್ಲಿ ಎಮ್ಮಿ ಕಟ್ಟಬ್ಯಾಡ್ರಿ! ಈ ಕಡೆ ತರ್ರಿ."

"ಯಾಕಪ್ಪಾ? ಎಮ್ಮಿ ಮ್ಯಾಲಿನ ತಂತಿ ಮುಟ್ಟತೈತೇನು?"

"ತಂತಿ ಮುಟ್ಟೂದು ಬ್ಯಾಡ್ರಿ. ಮಣ್ಣ ಸಾಕು."

ಅಜ್ಜ ಎಮ್ಮೆ ಬಿಚ್ಚಿ ತಂದ. ಲೈನ್‌ಮನ್ ತಿಳಿಸಿ ಹೇಳಿದ.

ಮನೆಗೆ ಬರುವುದು 230 ವೋಲ್ಟ್. ಡಿಪಿಗೆ ಬರುವುದು 11,000 ವೋಲ್ಟ್. ಡಿಪಿಯಿಂದ ಒಂದು ಕಬ್ಬಿಣದ ಪಟ್ಟಿ ಮಣ್ಣಿನೊಳಗೆ ಇಳಿದಿರುತ್ತದೆ. ಇದೇ ಅರ್ಥಿಂಗ್. ಏನಾದರೂ ಕೆಟ್ಟು ಕರೆಂಟ್ ಕಬ್ಬಿಣಕ್ಕೆ ಬಂದರೆ, ಪಟ್ಟಿ ಅದನ್ನು ಭೂಮಿಗೆ ಒಯ್ಯುತ್ತದೆ. ಆಗ ಫ್ಯೂಜ್ ಹಾರಿ ಲೈನ್ ಬಂದ್ ಆಗಬೇಕು. ಬಂದ್ ಆಗುವ ತನಕ ಸುತ್ತಲಿನ ಮಣ್ಣಲ್ಲಿ ಕರೆಂಟ್ ಇರುತ್ತದೆ. ಪಟ್ಟಿಯ ಹತ್ತಿರ ಜೋರು. ದೂರ ಹೋದಂತೆ ಕಡಿಮೆ.

"ಒಂದು ಕಾಲು ಹತ್ರ, ಒಂದು ಕಾಲು ದೂರ ಇದ್ರ ಕರೆಂಟ್ ಒಂದರಾಗ ಹತ್ತಿ ಇನ್ನೊಂದರಾಗ ಇಳೀತೈತಿ. ಎಮ್ಮಿ ಮುಂಗಾಲು, ಹಿಂಗಾಲು ಬಾಳ ದೂರ. ನಡುವ ಎದಿ ಐತಿ. ಅದಕ್ಕ ದನ ಲಗೂನ ಸಾಯತಾವ" ಎಂದ ಲೈನ್‌ಮನ್.

ಅಜ್ಜ ಎಮ್ಮೆಯ ಬೆನ್ನು ಸವರಿದ. "ನಮ್ಮ ಮನಿ ನಡಸೂದು ಇದೇ ಎಮ್ಮಿ, ತಮ್ಮಾ" ಎಂದ.

ಲೈನ್ ಹರಿದು ನೆಲಕ್ಕೆ ಬಿದ್ದಾಗಲೂ ಹೀಗೇ ಆಗುತ್ತದೆ. ಕಿಡಿ ಕಾಣದಿದ್ದರೂ ಕರೆಂಟ್ ಇರಬಹುದು.

ನೆನಪಿಡಿ:

1. ಡಿಪಿ ಕಂಬಕ್ಕೆ, ಕಂಬದ ಬಿಗಿ ತಂತಿಗೆ ದನ ಕಟ್ಟಬೇಡಿ. ಬಟ್ಟೆ ಒಣಹಾಕಬೇಡಿ.
2. ಅರ್ಥಿಂಗ್ ಪಟ್ಟಿ ಮುಟ್ಟಬೇಡಿ, ಕೀಳಬೇಡಿ. ಅದು ಹರಿದರೆ ಕಬ್ಬಿಣದಲ್ಲೇ ಕರೆಂಟ್ ನಿಲ್ಲಬಹುದು. ಹರಿದದ್ದು ಕಂಡರೆ ತಿಳಿಸಿ.
3. ಡಿಪಿ ಫ್ಯೂಜ್ ನೀವೇ ಹಾಕಬೇಡಿ.
4. ಬಿದ್ದ ತಂತಿಯಿಂದ ಕನಿಷ್ಠ 10 ಮೀಟರ್ ದೂರ ಇರಿ. ಹತ್ತಿರವೇ ಇದ್ದರೆ ಓಡಬೇಡಿ. ಎರಡೂ ಪಾದ ಕೂಡಿಸಿ, ನೆಲಕ್ಕೆ ಹಚ್ಚಿ, ಸ್ವಲ್ಪ ಸ್ವಲ್ಪವೇ ಸರಿಯಿರಿ.
5. ಅಲ್ಲಿ ಯಾರಾದರೂ ಬಿದ್ದಿದ್ದರೆ ಜೀವ ತಡೆಯದು, ನಿಜ. ಆದರೂ ಲೈನ್ ಬಂದ್ ಆಗದೆ ಹೋಗಬೇಡಿ. ಒಣ ಕೋಲನ್ನೂ ನಂಬಬೇಡಿ. 1912ಕ್ಕೆ ಫೋನ್ ಮಾಡಿ.

ಉತ್ತರ ಹೇಳಿ:

1. ಅರ್ಥಿಂಗ್ ಪಟ್ಟಿಯ ಕೆಲಸ ಏನು?
2. ದನಕ್ಕೆ ಅಪಾಯ ಹೆಚ್ಚು, ಯಾಕೆ?
3. ನಿಮ್ಮೂರ ಡಿಪಿಯ ಹತ್ತಿರ ಯಾರು ದನ ಕಟ್ಟುತ್ತಾರೆ? ಅವರಿಗೆ ಏನು ಹೇಳುತ್ತೀರಿ?

ಬರೆಯಿರಿ: 1912. ದೊಡ್ಡದಾಗಿ ಬರೆದು ಮನೆ ಗೋಡೆಗೆ ಹಚ್ಚಿರಿ.