ಯಾವ ಕ್ಯಾನ್ಸರ್ ಅಂತ ಮೊದಲು ಕೇಳಿ

ಮಕ್ಕಳೇ, ಮೊನ್ನೆ ಅಜ್ಜನ ಶ್ರಾದ್ಧಕ್ಕೆ ಸೇರಿದ್ದಾಗ "ನಮ್ಮ ವಂಶದಲ್ಲೇ ಕ್ಯಾನ್ಸರ್ ಇದೆ, ಏನು ಮಾಡಿದರೂ ತಪ್ಪಲ್ಲ" ಅಂತ ನೀವು ಮಾತಾಡಿಕೊಂಡಿದ್ದು ಕಿವಿಗೆ ಬಿತ್ತು. ಅಜ್ಜನಿಗೆ ಬಂದಿದ್ದು ಬಾಯಿಯದು, ಚಿಕ್ಕಜ್ಜಿಗೆ ಗರ್ಭಕಂಠದ್ದು, ನಿಮ್ಮ ಸೋದರತ್ತೆಗೆ ಸ್ತನದ್ದು. ಹೆಸರು ಒಂದೇ, ಕಾಯಿಲೆ ಮೂರು. ಚಿಕ್ಕಜ್ಜಿಯಂತೂ ಈ ಮನೆಗೆ ಸೊಸೆಯಾಗಿ ಬಂದವಳು. ಅವಳಿಗೂ ನಿಮ್ಮ ವಂಶಕ್ಕೂ ಏನು ಸಂಬಂಧ? ಮೂವತ್ತು ವರ್ಷ ನರ್ಸಮ್ಮ ಆಗಿ ಊರೂರು ತಿರುಗಿದವಳು ನಾನು. ಗೊತ್ತಿದ್ದದ್ದನ್ನು ಬರೆದಿದ್ದೇನೆ, ಓದಿ.

• ಮೊದಲು ಕವಳದ ಮಾತು. ನಾವು ಅಡಿಕೆ ಬೆಳೆದು ಉಂಡವರು. ನಿಮ್ಮ ಅಪ್ಪಂದಿರ ಓದು, ಅತ್ತೆಯಂದಿರ ಮದುವೆ ಎಲ್ಲ ಆ ತೋಟದಿಂದಲೇ ಆದದ್ದು. ಹಾಗಂತ ಸುಮ್ಮನಿರಲಾರೆ. ಹೊಗೆಸೊಪ್ಪು ಹಾಕದಿದ್ದರೆ ಕವಳದಿಂದ ಏನೂ ಆಗದು ಅನ್ನುವುದು ತಪ್ಪು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಬರಿ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಅಜ್ಜನಿಗೆ ಮೊದಲು ಖಾರ ತಾಗಿದರೆ ಉರಿ ಇತ್ತು, ಆಮೇಲೆ ಕೆನ್ನೆ ಒಳಗಿನಿಂದ ಬಿಗಿದುಕೊಂಡಿತು, ಕೊನೆಗೆ ತುತ್ತಿಗೂ ಬಾಯಿ ತೆರೆಯದಾಯಿತು. ತೋರಿಸಿದ ಕಡೆ ಬಾಯಿಹುಣ್ಣು ಅಂತ ಬಿ-ಕಾಂಪ್ಲೆಕ್ಸ್ ಮಾತ್ರೆ ಕೊಟ್ಟು ಕಳಿಸಿದರು. ಆರು ತಿಂಗಳು ಹಾಗೇ ಹೋಯಿತು. ಟಾರ್ಚು ಹಿಡಿದು ನಾನೇ ನೋಡಬೇಕಿತ್ತು ಅಂತ ಇವತ್ತಿಗೂ ಸಂಕಟವಾಗುತ್ತದೆ.

• ಕವಳ, ಗುಟ್ಕಾ ಹಾಕುವವರು ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ಬಾಯಿ ನೋಡಿಕೊಳ್ಳಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ. ತೂರದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ.

• ಬೀಡಿ ಸಿಗರೇಟು ಸುಡುವುದು ಶ್ವಾಸಕೋಶವನ್ನು ಮಾತ್ರ ಅಲ್ಲ. ಹೊಗೆಯ ವಿಷ ರಕ್ತಕ್ಕಿಳಿದು ಮೂತ್ರದಲ್ಲಿ ಹೊರಹೋಗುತ್ತದೆ, ಆದ್ದರಿಂದ ಮೂತ್ರಕೋಶದ ಕ್ಯಾನ್ಸರೂ ಬರುತ್ತದೆ. ಜೊತೆಗೆ ಹೆಂಡ ಸೇರಿದರೆ ಬಾಯಿ, ಗಂಟಲು, ಅನ್ನನಾಳದ ಅಪಾಯ ಹಲವು ಪಟ್ಟು ಏರುತ್ತದೆ. ಬಿಟ್ಟು ಹತ್ತು ವರ್ಷವಾದರೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ, ಸೇದುತ್ತಲೇ ಇರುವವರಿಗಿಂತ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಐವತ್ತಾಯಿತು, ಇನ್ಯಾಕೆ ಬಿಡಲಿ ಅನ್ನಬೇಡಿ.

• ಚಿಕ್ಕಜ್ಜಿಯ ಕಾಯಿಲೆಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಅದನ್ನು ಕಂಡುಹಿಡಿದ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಮೈ ಸಂಪರ್ಕದಿಂದ ಹರಡುತ್ತದೆ ಅಂದ ಕೂಡಲೇ ಆಗ ನೆಂಟರು ಅವಳ ನಡತೆಯ ಬಗ್ಗೆ ಪಿಸುಗುಟ್ಟಿದರು. ಗಂಡನೊಬ್ಬನನ್ನೇ ನಂಬಿ ಬಾಳಿದ ಹೆಂಗಸು ಅವಳು. ಸಂಸಾರಸ್ಥರಲ್ಲಿ ಬಹುಪಾಲು ಜನರಿಗೆ ಒಂದಲ್ಲ ಒಂದು ಸಲ ಈ ವೈರಸ್ ತಗಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, ಹದಿನೈದಿಪ್ಪತ್ತು ವರ್ಷದ ಮೇಲೆ ಕ್ಯಾನ್ಸರ್ ಆಗುತ್ತದೆ. ಮೂವತ್ತು ದಾಟಿದ ಸೊಸೆಯಂದಿರು, ಹೆಣ್ಣುಮಕ್ಕಳು ಸಂಕೋಚ ಬಿಟ್ಟು ಪರೀಕ್ಷೆ ಮಾಡಿಸಿ. ವಿನೆಗರ್‌ನಂಥ ದ್ರಾವಣ ಸವರಿ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ.

• ಲಿವರ್ ಕ್ಯಾನ್ಸರಿಗೆ ಹೆಂಡದ ಜೊತೆಗೆ ಹೆಪಟೈಟಿಸ್ ಬಿ, ಸಿ ವೈರಸ್‌ಗಳೂ ಕಾರಣ. ಬಿ-ಗೆ ಲಸಿಕೆ ಇದೆ. ಕೂಸು ಹುಟ್ಟಿದ ದಿನವೇ ಹಾಕಿಸಿ.

• ಸ್ತನ ಕ್ಯಾನ್ಸರಿನಲ್ಲಿ ಕೆಲವು ಕಾರಣಗಳು ಯಾರ ಕೈಯಲ್ಲೂ ಇಲ್ಲ: ಏರುವ ವಯಸ್ಸು, ಬೇಗ ಮೈನೆರೆಯುವುದು, ಮುಟ್ಟು ತಡವಾಗಿ ನಿಲ್ಲುವುದು. ಮುಟ್ಟು ನಿಂತ ಮೇಲೆ ಏರುವ ತೂಕ, ಮೈಯಾಡಿಸದ ದಿನಚರಿ, ಮದ್ಯ ಇವು ನಮ್ಮ ಕೈಯಲ್ಲಿವೆ. ಎದೆಹಾಲು ಕುಡಿಸಿದಷ್ಟೂ ತಾಯಿಗೂ ಒಳ್ಳೆಯದು. ರಕ್ತದಿಂದ ಬರುವುದು ನೂರರಲ್ಲಿ ಐದರಿಂದ ಹತ್ತು ಮಾತ್ರ, ಆದರೆ ಅದು ಅಪ್ಪನ ಕಡೆಯಿಂದಲೂ ಬರಬಹುದು. ಸೋದರತ್ತೆಗೆ ನಲವತ್ತೆರಡಕ್ಕೇ ಬಂದಿತ್ತು. ಯಾರಿಗೆ, ಯಾವ ಅಂಗಕ್ಕೆ, ಎಷ್ಟನೇ ವಯಸ್ಸಿಗೆ ಅಂತ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಜೀನ್ ಪರೀಕ್ಷೆ ಬೇಕೋ ಬೇಡವೋ ಅವರು ಹೇಳುತ್ತಾರೆ.

• ಏನೂ ಚಟವಿಲ್ಲದವರಿಗೂ ಬರುವುದುಂಟು. ಹಾಸಿಗೆ ಹಿಡಿದವರನ್ನು ನೋಡಲು ಹೋದಾಗ "ಏನು ತಿಂದು ಹೀಗಾಯ್ತು?" ಅಂತ ಕೇಳಬೇಡಿ. ಗಂಜಿ ಮಾಡಿಕೊಂಡು ಹೋಗಿ.

• ಪುಟ್ಟಿಗೆ ಈ ಯುಗಾದಿಗೆ ಒಂಬತ್ತು ತುಂಬುತ್ತದೆ. ಎಚ್‌ಪಿವಿ ಲಸಿಕೆಗೆ ಒಂಬತ್ತರಿಂದ ಹದಿನಾಲ್ಕು ಒಳ್ಳೆಯ ವಯಸ್ಸು. ದಿನ ಗೊತ್ತುಮಾಡಿ ಫೋನ್ ಮಾಡಿ, ಅವಳನ್ನು ನಾನೇ ಕರೆದುಕೊಂಡು ಹೋಗುತ್ತೇನೆ.