ಮೆದುಳಿನ ನಕ್ಷತ್ರಕೋಶಗಳು

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಬ್ರೆಜಿಲ್ ದೇಶದ ವಿಜ್ಞಾನಿಗಳು 2009ರಲ್ಲಿ ಲೆಕ್ಕಹಾಕಿದರು. ನಾವು ಓದುವುದೂ ನೆನೆಯುವುದೂ ನಡೆಯುವುದೂ ಇವುಗಳಿಂದಲೇ. ಆದರೆ ನರಕೋಶಗಳು ಒಂಟಿಯಾಗಿ ಬಾಳಲಾರವು. ಅವುಗಳ ಯೋಗಕ್ಷೇಮವನ್ನು ನೋಡಿಕೊಳ್ಳುವ ಬೇರೆ ಕೋಶಗಳೂ ಅಲ್ಲಿವೆ. ಅವುಗಳಲ್ಲಿ ಮುಖ್ಯವಾದುದು ಆಸ್ಟ್ರೊಸೈಟ್. ಸುತ್ತಲೂ ಎಳೆಗಳನ್ನು ಚಾಚಿ ನಕ್ಷತ್ರದಂತೆ ಕಾಣುವುದರಿಂದ ಇದನ್ನು ನಾವು ನಕ್ಷತ್ರಕೋಶವೆಂದು ಕರೆಯೋಣ.

ಒಂದು ನರಕೋಶವು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವಾಗ, ಅವೆರಡರ ನಡುವಣ ಕಿರಿದಾದ ಸಂಧಿಯಲ್ಲಿ ಒಂದು ರಾಸಾಯನಿಕವನ್ನು ಬಿಡುತ್ತದೆ. ಇದೇ ನರವಾಹಕ. ಇವುಗಳಲ್ಲಿ ನರಕೋಶವನ್ನು ಉದ್ರೇಕಿಸುವ ಮುಖ್ಯ ವಸ್ತು ಗ್ಲುಟಮೇಟ್. ಸುದ್ದಿ ಮುಟ್ಟಿದ ಮೇಲೆ ಅದು ಸಂಧಿಯಲ್ಲಿ ಉಳಿಯಕೂಡದು. ಉಳಿದರೆ ನರಕೋಶವು ಮಿತಿಮೀರಿ ಕೆರಳಿ ಸಾಯುವ ಸಂಭವವುಂಟು. ನಕ್ಷತ್ರಕೋಶವು ಅದನ್ನು ಹೀರಿ, ಗ್ಲುಟಮಿನ್ ಆಗಿ ಮಾರ್ಪಡಿಸಿ, ನರಕೋಶಕ್ಕೆ ಮರಳಿ ಕೊಡುತ್ತದೆ. ರಾಶಿ ಮುಗಿದ ಮೇಲೆ ಕಣವನ್ನು ಗುಡಿಸಿ, ಉದುರಿದ ಜೋಳವನ್ನು ಪುನಃ ಚೀಲಕ್ಕೆ ತುಂಬುವ ಒಕ್ಕಲಗಿತ್ತಿಯ ಕೆಲಸವೇ ಇದು.

ಇಂತಹ ಪೋಷಕ ಕೋಶಗಳನ್ನು ಹೋಲುವ ಕೋಶಗಳು ಅಂಕೆತಪ್ಪಿ ಬೆಳೆದಾಗ ಗ್ಲಿಯೋಮ ಎಂಬ ಗಡ್ಡೆಯಾಗುವುದು. ಅದರಲ್ಲಿ ಅತ್ಯಂತ ಕ್ರೂರವಾದುದು ಗ್ಲಿಯೋಬ್ಲಾಸ್ಟೋಮ. ಗಡ್ಡೆಯ ಕೋಶಗಳು ಗ್ಲುಟಮೇಟನ್ನು ಹೀರುವ ಬದಲು ಹೊರಸೂಸುತ್ತವೆಂದು 1999ರಲ್ಲಿ ಅಮೆರಿಕದ ಹೆರಾಲ್ಡ್ ಸಾಂಟ್‌ಹೈಮರ್ ಮತ್ತು ಅವರ ಸಹೋದ್ಯೋಗಿ ತೋರಿಸಿದರು. ಇದರಿಂದ ನೆರೆಯ ನರಕೋಶಗಳು ಸತ್ತು ಗಡ್ಡೆಗೆ ಎಡೆಯಾಗುತ್ತದೆ. ಕೆಲವರಲ್ಲಿ ಮೂರ್ಛೆಯೂ ಬರುತ್ತದೆ. 2019ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ಬಂದಳಿಕೆಯು ಮರದೊಳಗೆ ಬೇರಿಳಿಸಿ ರಸ ಹೀರುವಂತೆ, ಗಡ್ಡೆಯ ಕೋಶಗಳು ನರಕೋಶಗಳೊಡನೆ ನೇರವಾಗಿ ಸಂಧಿಗಳನ್ನು ಕಟ್ಟಿಕೊಂಡು, ಅವುಗಳ ಸಂದೇಶದಿಂದಲೇ ಬೆಳೆಯುತ್ತವೆ. ಈ ದಿಶೆಯ ಸಂಶೋಧನೆಗಾಗಿ ಮಿಶೆಲ್ ಮೋಂಜೆ ಹಾಗೂ ಫ್ರಾಂಕ್ ವಿಂಕ್ಲರ್ ಅವರಿಗೆ 2025ರ ಬ್ರೇನ್ ಪ್ರಶಸ್ತಿ ದೊರೆಯಿತು.

ಇಂದಿನ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ, ಕಿರಣಚಿಕಿತ್ಸೆ ಮತ್ತು ಔಷಧ. ಆದರೂ ಗ್ಲಿಯೋಬ್ಲಾಸ್ಟೋಮ ಬಹುಮಟ್ಟಿಗೆ ಮರಳಿ ಬರುತ್ತದೆ. ಆದಕಾರಣ ನರಸಂದೇಶದ ಈ ದಾರಿಯನ್ನು ತಡೆಯುವ ಔಷಧಗಳ ಪರೀಕ್ಷೆ ನಡೆಯುತ್ತಿದೆ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯ ವೈದ್ಯರೂ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಕೂಡಿ ಈ ಗಡ್ಡೆಯನ್ನು ಅಭ್ಯಸಿಸಿದ್ದಾರೆ.

ಇದೆಲ್ಲ ದೂರದ ಮಾತೆಂದು ಪಾಲಕರು ಭಾವಿಸಬಾರದು. ನಮ್ಮ ಸಲಗರ ಬುದ್ರುಕದಂತಹ ಹಳ್ಳಿಗಳಲ್ಲಿ ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವುದೂ ದೆವ್ವದ ಕಾಟವೆನ್ನುವುದೂ ಉಂಟು. ಮೂರ್ಛೆಗೆ ಕಾರಣಗಳು ಅನೇಕ, ಎಲ್ಲವೂ ಗಡ್ಡೆಯಲ್ಲ. ಆದರೆ ದೊಡ್ಡವರಿಗೆ ಮೊದಲ ಸಲ ಮೂರ್ಛೆ ಬಂದರೆ, ಅಥವಾ ಬೆಳಗಿನ ತಲೆನೋವು ವಾಂತಿಯೊಡನೆ ದಿನೇ ದಿನೇ ಹೆಚ್ಚಿದರೆ, ತಡಮಾಡದೆ ಅಕ್ಕಲಕೋಟೆಗೋ ಸೊಲ್ಲಾಪುರಕ್ಕೋ ಹೋಗಿ ವೈದ್ಯರಿಗೆ ತೋರಿಸಬೇಕು. ಮೂರ್ಛೆ ಬಂದವರನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಬಾಯಲ್ಲಿ ಏನನ್ನೂ ಇಡಬಾರದು. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು. ವಿದ್ಯಾರ್ಥಿಗಳು ಈ ಮಾತನ್ನು ಮನೆಯಲ್ಲಿ ಹಿರಿಯರಿಗೆ ಓದಿ ಹೇಳಲಿ.